ವ್ಯಾಪಾರ ಕುಸಿದಾಗ ಕ್ರೈಸ್ತ ಉದ್ಯಮಿ ಯಾರ ಹಣವನ್ನು ಮೊದಲು ಕೊಡಬೇಕು?

ಸಣ್ಣ ಕಾರ್ಖಾನೆ, ಮುದ್ರಣಾಲಯ, ಬೇಕರಿ, ಕಟ್ಟಡ ಗುತ್ತಿಗೆ ಮುಂತಾದ ವ್ಯವಹಾರಗಳನ್ನು ನಡೆಸುವ ಕ್ರೈಸ್ತ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಆರ್ಡರುಗಳು ನಿಂತಿವೆ, ಬರಬೇಕಾದ ಹಣ ಬರುತ್ತಿಲ್ಲ, ಬ್ಯಾಂಕಿನ ಕಂತು ತಪ್ಪುತ್ತಿದೆ. ಇಂಥ ಹೊತ್ತಿನಲ್ಲಿ ದೇವರನ್ನು ನಂಬಿ ನಡೆಯುವುದೆಂದರೆ ಏನು ಮಾಡುವುದು? ಪ್ರಾರ್ಥಿಸಿ ಕಾಯಬೇಕೇ, ಸಾಲ ಮಾಡಿ ಮುಂದುವರಿಯಬೇಕೇ, ಬಾಗಿಲು ಹಾಕಬೇಕೇ?

ಈ ಬರಹದ ನಿಲುವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಹಣ ಎಲ್ಲರಿಗೂ ಸಾಲುವಾಗ ಉದ್ಯಮಿಯ ವಿಶ್ವಾಸ ಹೊರಗೆ ಕಾಣುವುದು ಕಡಿಮೆ. ಹಣ ಸಾಲದಿದ್ದಾಗ ಅವನು ಯಾರಿಗೆ ಮೊದಲು ಕೊಡುತ್ತಾನೆ, ಯಾರನ್ನು ಕಾಯಿಸುತ್ತಾನೆ, ಯಾರಿಗೆ ಸತ್ಯ ಹೇಳುತ್ತಾನೆ ಎಂಬುದರಲ್ಲಿ ಅದು ನಿಚ್ಚಳವಾಗಿ ಕಾಣುತ್ತದೆ. ಆದ್ದರಿಂದ ಕೆಳಗಿನ ಹಂತಗಳು ಬಹುಪಾಲು ಲೆಕ್ಕಪುಸ್ತಕಕ್ಕೆ ಸಂಬಂಧಿಸಿವೆ. ನೀವು ಕಥೋಲಿಕರಾಗಿರಲಿ, ಸಿಎಸ್‌ಐ ಅಥವಾ ಬೇರೆ ಸಭೆಯವರಾಗಿರಲಿ, ಇವುಗಳನ್ನು ಅನುಸರಿಸಲು ಅಡ್ಡಿಯಿಲ್ಲ.

ಕೆಲಸ ಆರಂಭಿಸುವ ಮೊದಲು ಕೆಲವು ಕಾಗದಗಳನ್ನು ಒಟ್ಟುಗೂಡಿಸಿಕೊಳ್ಳಿ: ಕಳೆದ ಆರು ತಿಂಗಳ ಬ್ಯಾಂಕ್ ವಿವರಪಟ್ಟಿ, ನಿಮಗೆ ಹಣ ಕೊಡಬೇಕಾದವರ ಮತ್ತು ನೀವು ಕೊಡಬೇಕಾದವರ ಪಟ್ಟಿ, ಸಾಲದ ಕರಾರುಪತ್ರಗಳು, ನೀವು ಅಥವಾ ಮನೆಯವರು ಸಹಿ ಹಾಕಿದ ಜಾಮೀನುಪತ್ರಗಳು, ಸಂಬಳದ ರಿಜಿಸ್ಟರು, ಉದ್ಯಮ್ ನೋಂದಣಿಯ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಪ್ರಮಾಣಪತ್ರ. ಇವುಗಳ ಜೊತೆಗೆ ಸತ್ಯವೇದವೂ ಮೇಜಿನ ಮೇಲಿರಲಿ.

ಹಂತ 1: ಲೆಕ್ಕವನ್ನು ತೆರೆದಿಟ್ಟು ಪ್ರಾರ್ಥಿಸಿ

ಕಷ್ಟಕಾಲದ ಪ್ರಾರ್ಥನೆಗೆ ಹಬಕ್ಕೂಕನ ಗ್ರಂಥದ ಮೂರನೆಯ ಅಧ್ಯಾಯದ ಕೊನೆಯ ಭಾಗವನ್ನು ಅನೇಕರು ಓದುತ್ತಾರೆ. ಅಲ್ಲಿ ಪ್ರವಾದಿಯು ಕರ್ತನಲ್ಲಿ ಉಲ್ಲಾಸಪಡುತ್ತೇನೆ ಎನ್ನುವುದಕ್ಕೆ ಮುಂಚೆ ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿಹಟ್ಟಿ, ದನದ ಕೊಟ್ಟಿಗೆ ಎಂದು ಆರು ನಷ್ಟಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ನಷ್ಟವನ್ನು ಮುಚ್ಚಿಟ್ಟುಕೊಂಡು ಮಾಡುವ ಸ್ತೋತ್ರ ಅದಲ್ಲ. ನೀವೂ ಹಾಗೆಯೇ ಮಾಡಿ. ಬಾಕಿಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದು ಹೆಸರನ್ನೂ ಮೊತ್ತವನ್ನೂ ಓದಿ ಪ್ರಾರ್ಥಿಸಿ. ಸಾಧ್ಯವಿದ್ದರೆ ಗಂಡ ಹೆಂಡತಿ ಇಬ್ಬರೂ ಕುಳಿತುಕೊಳ್ಳಿ, ಏಕೆಂದರೆ ಮನೆಯವರಿಗೆ ತಿಳಿಯದ ಸಾಲವೇ ಮುಂದೆ ಮನೆಯನ್ನು ಹೆಚ್ಚು ನೋಯಿಸುತ್ತದೆ.

ಪ್ರಾರ್ಥನೆ ಮುಗಿದ ಮೇಲೆ ಮುಂದಿನ ಹದಿಮೂರು ವಾರಗಳ ನಗದು ಹರಿವಿನ ಪಟ್ಟಿಯನ್ನು ಬರೆಯಿರಿ. ನಗದು ಹರಿವು ಎಂದರೆ ಲಾಭ ನಷ್ಟದ ಲೆಕ್ಕವಲ್ಲ. ಯಾವ ವಾರ ಎಷ್ಟು ಹಣ ನಿಜವಾಗಿ ಕೈಗೆ ಬರುತ್ತದೆ, ಎಷ್ಟು ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 24 ಮಂದಿ ದುಡಿಯುವ ಘಟಕವೊಂದರ ಬ್ಯಾಂಕ್ ಖಾತೆಯಲ್ಲಿ 4,60,000 ರೂಪಾಯಿ ಇದೆ. ವಾರದ ಬಟವಾಡೆ 96,000ದಂತೆ ಹದಿಮೂರು ವಾರಕ್ಕೆ 12,48,000; ಬಾಡಿಗೆ ಮತ್ತು ವಿದ್ಯುತ್ತಿಗೆ 2,10,000; ಬ್ಯಾಂಕ್ ಕಂತು 2,55,000; ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಜಿಎಸ್‌ಟಿ ಸೇರಿ 2,70,000; ಸಣ್ಣ ಪೂರೈಕೆದಾರರಿಗೆ 2,40,000. ಒಟ್ಟು ಹೊರಹೋಗುವುದು 22,23,000. ಗಿರಾಕಿಗಳಿಂದ 21 ಲಕ್ಷ ಬರಬೇಕಾಗಿರುವುದರಿಂದ ಕಾಗದದ ಮೇಲೆ 3,37,000 ರೂಪಾಯಿ ಉಳಿದಂತೆಯೇ ಕಾಣುತ್ತದೆ. ಆದರೆ ಆ 21 ಲಕ್ಷದಲ್ಲಿ, ದಿನಾಂಕ ಹೇಳಿ ಮಾತು ಕೊಟ್ಟವರಿಂದ ಬರುವುದು 11,50,000 ಮಾತ್ರ ಎಂದಾದರೆ, 6,13,000 ರೂಪಾಯಿ ಕೊರತೆ ಬೀಳುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ‘ದೇವರು ಹೇಗೋ ಒದಗಿಸುತ್ತಾನೆ’ ಎಂದು ಬಾರದ ಹಣವನ್ನು ಬಂದಂತೆ ಬರೆದುಕೊಳ್ಳುವುದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದವನು ಯೇಸುವೇ (ಲೂಕ 14:28). ದೇವರ ಒದಗಿಸುವಿಕೆಯನ್ನು ನಂಬಿರಿ, ಆದರೆ ಅದನ್ನು ಜಮಾ ಕಲಮಿನಲ್ಲಿ ಮುಂಗಡವಾಗಿ ಬರೆಯಬೇಡಿ.

ಹಂತ 2: ಪಾವತಿಯ ಕ್ರಮವನ್ನು ಬರೆದಿಡಿ

ಮಾರ್ಗದರ್ಶಿಯ ಮುಖ್ಯ ಭಾಗ ಇದೇ. ಕೊರತೆ ಇರುವಾಗ ಯಾರು ಹೆಚ್ಚು ಜೋರಾಗಿ ಕೇಳುತ್ತಾರೋ ಅವರಿಗೆ ಹಣ ಹೋಗುತ್ತದೆ, ಕೇಳಲಾರದವರು ಉಳಿದುಬಿಡುತ್ತಾರೆ. ಅದನ್ನು ತಡೆಯಲು, ಮನಸ್ಸು ಶಾಂತವಾಗಿರುವ ಒಂದು ದಿನ ಕ್ರಮವನ್ನು ಬರೆದು ಸಹಿ ಹಾಕಿ, ನಿಮ್ಮ ಲೆಕ್ಕಪತ್ರ ನೋಡುವವರ ಕೈಗೆ ಕೊಡಿ.

ಮೊದಲನೆಯದು ಕಾರ್ಮಿಕರ ಕೂಲಿ. ಕೂಲಿಯವನ ಕೂಲಿಯನ್ನು ರಾತ್ರಿ ಕಳೆದು ಬೆಳಗಾಗುವ ತನಕ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19:13 ಹೇಳುತ್ತದೆ; ಧರ್ಮೋಪದೇಶಕಾಂಡ 24:15 ಅದಕ್ಕೆ ಕಾರಣವನ್ನೂ ಕೊಡುತ್ತದೆ, ಅವನು ಬಡವ, ಅದರ ಮೇಲೆಯೇ ಆಸೆಯಿಟ್ಟಿದ್ದಾನೆ. ಹೊಲ ಕೊಯ್ದವರ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂದು ಯಾಕೋಬನು ಬರೆದಿದ್ದಾನೆ (5:4). ಕಥೋಲಿಕ ಓದುಗರು 1891ರಲ್ಲಿ ಪೋಪ್ 13ನೆಯ ಲಿಯೋ ಹೊರಡಿಸಿದ ‘ರೇರುಮ್ ನೊವಾರುಮ್’ ವಿಶ್ವಪತ್ರವನ್ನೂ ನೆನೆಯಬಹುದು. ದುಡಿಯುವವನು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದು ಎಂಬುದು ಅದರ ಮುಖ್ಯ ವಾದಗಳಲ್ಲೊಂದು.

ಎರಡನೆಯದು, ನಿಮ್ಮ ಕೈಯಲ್ಲಿರುವ ಬೇರೆಯವರ ಹಣ. ಸಂಬಳದಿಂದ ಮುರಿದುಕೊಂಡ ಪಿಎಫ್ ಮತ್ತು ಇಎಸ್‌ಐ ಪಾಲು, ಮೂಲದಲ್ಲೇ ಕಡಿತ ಮಾಡಿದ ತೆರಿಗೆ ಅಂದರೆ ಟಿಡಿಎಸ್, ಗಿರಾಕಿಯಿಂದ ವಸೂಲಿ ಮಾಡಿದ ಜಿಎಸ್‌ಟಿ, ಇವು ಯಾವುದೂ ನಿಮ್ಮ ಹಣವಲ್ಲ. ಪಿಎಫ್ ಮತ್ತು ಇಎಸ್‌ಐಯನ್ನು ಮುಂದಿನ ತಿಂಗಳ 15ರೊಳಗೆ, ಟಿಡಿಎಸ್ ಅನ್ನು ಸಾಮಾನ್ಯವಾಗಿ 7ರೊಳಗೆ ಕಟ್ಟಬೇಕು. ಕಷ್ಟದಲ್ಲಿರುವ ಒಳ್ಳೆಯವರೂ ಜಾರುವುದು ಇಲ್ಲಿಯೇ. ‘ಈ ತಿಂಗಳು ಕಚ್ಚಾ ಸಾಮಾನಿಗೆ ಬಳಸಿಕೊಂಡು ಮುಂದಿನ ತಿಂಗಳು ಕಟ್ಟುತ್ತೇನೆ’ ಎಂದು ಆರಂಭವಾದದ್ದು ಬಡ್ಡಿ ದಂಡಗಳೊಂದಿಗೆ ಬೆಳೆಯುತ್ತದೆ; ಕಾರ್ಮಿಕನ ಪಿಎಫ್ ಪಾಲನ್ನು ಮುರಿದುಕೊಂಡು ಕಟ್ಟದಿರುವುದು ನಂಬಿಕೆದ್ರೋಹದ ಅಪರಾಧವಾಗಿ ಕ್ರಿಮಿನಲ್ ಮೊಕದ್ದಮೆಗೂ ದಾರಿಯಾಗುತ್ತದೆ. ಇದಕ್ಕಾಗಿ ಬೇರೆಯೇ ಒಂದು ಬ್ಯಾಂಕ್ ಖಾತೆ ತೆರೆದು, ಬಟವಾಡೆಯ ದಿನವೇ ಆ ಮೊತ್ತವನ್ನು ಅಲ್ಲಿಗೆ ವರ್ಗಾಯಿಸುವುದು ನಾನು ಬಲ್ಲ ಅತ್ಯಂತ ಸರಳ ಕಾವಲು.

ಆಮೇಲೆ ನಿಮ್ಮನ್ನೇ ನಂಬಿ ಮನೆ ನಡೆಸುವ ಸಣ್ಣ ಪೂರೈಕೆದಾರರು, ಟೆಂಪೊ ಚಾಲಕರು, ಹೊರಗೆ ಕೆಲಸ ಮಾಡಿಕೊಡುವ ಹೆಂಗಸರು. ಅನಂತರ ವಿದ್ಯುತ್ತು, ಬಾಡಿಗೆ, ಬ್ಯಾಂಕ್, ದೊಡ್ಡ ಪೂರೈಕೆದಾರರು. ಬ್ಯಾಂಕನ್ನು ಕೆಳಗೆ ಇಟ್ಟೆನೆಂದು ಅದನ್ನು ಕಡೆಗಣಿಸಿ ಎಂದಲ್ಲ; ಬ್ಯಾಂಕಿಗೆ ಕಾಯುವ ಶಕ್ತಿಯೂ ಕಂತನ್ನು ಮರುಹೊಂದಿಸುವ ನಿಯಮಗಳೂ ಇವೆ, ದಿನಗೂಲಿಯವನಿಗೆ ಎರಡೂ ಇಲ್ಲ. ಕಡೆಯಲ್ಲಿ ನಿಮ್ಮ ಸ್ವಂತ ಸಂಬಳ.

ನಿಮ್ಮದು ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಭಾವಮೈದುನನಿಂದ ತಂದ ಕೈಸಾಲವನ್ನು ಗುಟ್ಟಾಗಿ ಮೊದಲು ತೀರಿಸಿಬಿಡುವ ಆಸೆ ಸಹಜ. ಆದರೆ ಮುಂದೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, ಸಂಬಂಧಿಕರಿಗೆ ಹಿಂದಿನ ಎರಡು ವರ್ಷಗಳಲ್ಲಿ ಮಾಡಿದ ಇಂಥ ಪಕ್ಷಪಾತದ ಪಾವತಿಗಳನ್ನು ರದ್ದುಪಡಿಸಲು ದಿವಾಳಿ ಸಂಹಿತೆಯಲ್ಲಿ ಅವಕಾಶವಿದೆ. ಅದಕ್ಕಿಂತ ಮೊದಲೇ, ಸಾಲ ಕೊಟ್ಟ ಉಳಿದವರಿಗೆ ಅದು ಅನ್ಯಾಯ.

ಹಂತ 3: ನಿಮ್ಮ ಖರ್ಚನ್ನು ಎಲ್ಲರಿಗೂ ಕಾಣುವಂತೆ ಇಳಿಸಿ

ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯವನ್ನು ಪ್ರತಿಯೊಬ್ಬ ಉದ್ಯಮಿಯೂ ನಿಧಾನವಾಗಿ ಓದಬೇಕು. ಬರಗಾಲದಲ್ಲಿ ಜನರು ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟಿದ್ದರು. ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದರು. ನೆಹೆಮೀಯನು ಶ್ರೀಮಂತರನ್ನು ಗದರಿಸುವಾಗ, ತಾನೂ ತನ್ನ ಸಹೋದರರೂ ಸಾಲ ಕೊಟ್ಟವರೇ ಎಂದು ಹೇಳಿ, ನಾವೆಲ್ಲರೂ ಈ ಬಡ್ಡಿಯನ್ನು ಬಿಟ್ಟುಬಿಡೋಣ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ದೇಶಾಧಿಪತಿಗೆ ಸಲ್ಲಬೇಕಾದ ಆಹಾರದ ಭತ್ಯೆಯನ್ನು 12 ವರ್ಷ ತೆಗೆದುಕೊಳ್ಳಲಿಲ್ಲ. ಅವನ ಪಂಕ್ತಿಯಲ್ಲಿ 150 ಮಂದಿ ಯೆಹೂದ್ಯರು ಮತ್ತು ಅಧಿಕಾರಿಗಳು ಊಟ ಮಾಡುತ್ತಿದ್ದರು, ಅಂದರೆ ಖರ್ಚು ಸಣ್ಣದಾಗಿರಲಿಲ್ಲ. ಆದರೂ ಜನರ ಮೇಲಿನ ಹೊರೆ ಭಾರವಾಗಿದ್ದುದರಿಂದ ತನ್ನ ಹಕ್ಕನ್ನು ಬಿಟ್ಟನು.

ನಿಮ್ಮ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ಕಾರ್ಮಿಕರ ಒಂದು ರೂಪಾಯಿಗೆ ಕೈ ಹಚ್ಚುವ ಮೊದಲು ನಿಮ್ಮ ಸಂಬಳ, ಕಂಪನಿಯ ಖರ್ಚಿನಲ್ಲಿ ಓಡುವ ಕಾರು, ಮನೆಯ ಸಮಾರಂಭಗಳ ಅದ್ದೂರಿ, ಇವು ಇಳಿಯಬೇಕು. ಮಗಳ ಮದುವೆಯ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಮತ್ತು ಸತ್ಕಾರಕೂಟವನ್ನು ಹಿಂದಿನ ಮದುವೆಯ ಮಟ್ಟದಲ್ಲೇ ಮಾಡಿ, ಅದೇ ತಿಂಗಳು ಬಟವಾಡೆ ತಡ ಮಾಡಿದರೆ, ನೀವು ಬಾಯಲ್ಲಿ ಹೇಳುವ ಯಾವ ಮಾತನ್ನೂ ಕಾರ್ಮಿಕರು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಹಂತ 4: ಕಾರ್ಮಿಕರಿಗೆ ಸತ್ಯ ಹೇಳಿ

ವದಂತಿ ಹಬ್ಬುವ ಮೊದಲೇ ಎಲ್ಲರನ್ನೂ ಒಟ್ಟಿಗೆ ಕರೆಯಿರಿ. ಅವರವರ ಭಾಷೆಯಲ್ಲಿ, ತುಳು, ಕೊಂಕಣಿ, ಕನ್ನಡ, ಹಿಂದಿ ಯಾವುದೇ ಇರಲಿ, ಮೂರು ಸಂಗತಿಗಳನ್ನು ಹೇಳಿ: ಈಗಿನ ಸ್ಥಿತಿ, ಖಚಿತವಾಗಿ ಕೊಡಬಲ್ಲದ್ದು, ಇನ್ನೂ ತೀರ್ಮಾನವಾಗದಿರುವುದು. ‘ಮುಂದಿನ ಎಂಟು ವಾರದ ಬಟವಾಡೆಗೆ ಹಣ ತೆಗೆದಿಟ್ಟಿದ್ದೇವೆ. ಆಮೇಲಿನದ್ದು ಇಂಥ ಎರಡು ಆರ್ಡರಿನ ಮೇಲೆ ನಿಂತಿದೆ. ಪ್ರತಿ ಹದಿನೈದು ದಿನಕ್ಕೊಮ್ಮೆ ಸ್ಥಿತಿ ಏನೆಂದು ನಾನೇ ಬಂದು ಹೇಳುತ್ತೇನೆ’ ಎಂಬಷ್ಟು ಸಾಕು. ‘ಯಾರೂ ಹೆದರಬೇಡಿ, ಎಲ್ಲ ಸರಿಹೋಗುತ್ತದೆ’ ಎನ್ನಬೇಡಿ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂಬ ಆಜ್ಞೆ (ಮತ್ತಾಯ 5:37) ಧೈರ್ಯ ತುಂಬುವ ಸುಳ್ಳಿಗೂ ಅನ್ವಯಿಸುತ್ತದೆ.

ಇಲ್ಲಿ ಎರಡು ಅಪಾಯಗಳಿವೆ. ನಿಮ್ಮ ಕಾರ್ಮಿಕರಲ್ಲಿ ಹಿಂದೂಗಳು, ಮುಸ್ಲಿಮರು, ಬೇರೆ ಬೇರೆ ಸಭೆಯವರು ಇರುತ್ತಾರೆ. ಕೆಲಸ ಹೋಗುವ ಭಯದಲ್ಲಿರುವವರನ್ನು ಪ್ರಾರ್ಥನಾಕೂಟಕ್ಕೆ ಕರೆದರೆ ಅವರು ಬೇಡವೆನ್ನಲಾರರು. ಅವರಿಗಾಗಿ ಪ್ರಾರ್ಥಿಸಿ, ಆದರೆ ಅವರು ಸೇರಲೇಬೇಕೆಂದು ಒತ್ತಾಯಿಸಬೇಡಿ. ಇನ್ನೊಂದು ಬೋನಸ್ಸಿನ ವಿಚಾರ. ಬೋನಸ್ ಕಾನೂನಿಗೆ ಒಳಪಡುವ, ಸಾಮಾನ್ಯವಾಗಿ 20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯು ನಷ್ಟದಲ್ಲಿದ್ದರೂ ಅರ್ಹ ಕಾರ್ಮಿಕರಿಗೆ ಕನಿಷ್ಠ ಶೇ 8.33 ಬೋನಸ್ ಕೊಡಬೇಕಾಗುತ್ತದೆ. ಹೊಸ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿವೆ. ನಷ್ಟವಿರುವುದರಿಂದ ಬೋನಸ್ ಕೊಡಬೇಕಿಲ್ಲವೆಂದು ನೀವೇ ತೀರ್ಮಾನಿಸದೆ, ಹದಿಮೂರು ವಾರದ ಪಟ್ಟಿಯಲ್ಲಿ ಹಬ್ಬದ ತಿಂಗಳಿಗೆ ಆ ಮೊತ್ತವನ್ನು ಬರೆದುಕೊಳ್ಳಿ.

ಹಂತ 5: ಬರಬೇಕಾದ ಹಣವನ್ನು ಸಂಕೋಚವಿಲ್ಲದೆ ಕೇಳಿ

ಹಣ ಕೇಳುವುದು ಕ್ರೈಸ್ತ ಸೌಜನ್ಯಕ್ಕೆ ಒಪ್ಪುವುದಿಲ್ಲ ಎಂದು ಭಾವಿಸಿ ಮುಳುಗುವವರಿದ್ದಾರೆ. ನೀವು ಕೇಳದೆ ಬಿಟ್ಟ ಹಣ ನಿಮ್ಮ ಕಾರ್ಮಿಕರ ಕೂಲಿ ಎಂಬುದನ್ನು ನೆನಪಿಡಿ.

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಅಥವಾ ಸೇವೆ ಪಡೆದ ಖರೀದಿದಾರನು ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಆದರೆ ಹೆಚ್ಚೆಂದರೆ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ದೂರನ್ನು ಸರ್ಕಾರದ ಎಂಎಸ್‌ಎಂಇ ಪೋರ್ಟಲಿನ ಮೂಲಕ ಸಲ್ಲಿಸಬಹುದು. ರಾಜ್ಯದ ಸೌಲಭ್ಯ ಮಂಡಳಿ ಅದನ್ನು ವಿಚಾರಿಸುತ್ತದೆ. ಸರಕು ಪೂರೈಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಕೇವಲ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಕ್ಕರೂ ತಡಪಾವತಿಯ ಈ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ಅನೇಕರು ತಡವಾಗಿ ತಿಳಿಯುತ್ತಾರೆ.

ಬಾಕಿದಾರ ನಿಮ್ಮದೇ ಸಭೆಯವನಾಗಿದ್ದರೆ ಮತ್ತಾಯ 18ರ ದಾರಿ ಹಿಡಿಯಿರಿ: ಮೊದಲು ಒಬ್ಬರೇ ಹೋಗಿ ಮಾತಾಡಿ, ಆಮೇಲೆ ಇಬ್ಬರು ಹಿರಿಯರೊಂದಿಗೆ. ಆದರೆ ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ಪಂಚಾಯಿತಿಕೆ ಮುಗಿಯಲೆಂದು ಕಾಯುತ್ತ ಆ ಅವಧಿ ದಾಟಬಾರದು.

ಹಂತ 6: ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ

ಕಂತು ಬಾಕಿಯಾಗಿ 30 ದಿನದವರೆಗೆ ಎಸ್‌ಎಂಎ-0, 31ರಿಂದ 60 ದಿನ ಎಸ್‌ಎಂಎ-1, 61ರಿಂದ 90 ದಿನ ಎಸ್‌ಎಂಎ-2 ಎಂದು ಬ್ಯಾಂಕ್ ಗುರುತಿಸುತ್ತದೆ. ಸಾಲ ಹದಗೆಡುವ ಸೂಚನೆಗಳು ಇವು. 90 ದಿನ ದಾಟಿದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ದಾಖಲಾಗುತ್ತದೆ; ಆಮೇಲೆ ನಿಮ್ಮ ಮುಂದಿರುವ ದಾರಿಗಳು ಬಹಳ ಕಿರಿದಾಗುತ್ತವೆ. ರಿಸರ್ವ್ ಬ್ಯಾಂಕ್ 2016ರಲ್ಲಿ ಹೊರಡಿಸಿದ ಎಂಎಸ್‌ಎಂಇ ಪುನಶ್ಚೇತನ ಚೌಕಟ್ಟಿನಲ್ಲಿ, 25 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಉದ್ಯಮಿಯೇ ಮುಂದಾಗಿ ಬ್ಯಾಂಕಿನ ಸಮಿತಿಗೆ ಅರ್ಜಿ ಹಾಕಬಹುದು. ಸಮಿತಿಯು ಬಾಕಿಯನ್ನು ಸರಿಪಡಿಸುವ, ಕಂತುಗಳನ್ನು ಮರುಹೊಂದಿಸುವ, ಅಥವಾ ವಸೂಲಿಗೆ ಹೋಗುವ ದಾರಿಗಳಲ್ಲಿ ಒಂದನ್ನು ಆರಿಸುತ್ತದೆ. ಹಂತ 1ರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಿ. ದಾಸ್ತಾನಿನ ಲೆಕ್ಕವನ್ನು ಉಬ್ಬಿಸಿ ತೋರಿಸಬೇಡಿ. ಸುಳ್ಳಿನ ತ್ರಾಸು ಯೆಹೋವನಿಗೆ ಅಸಹ್ಯ ಎಂಬ ಜ್ಞಾನೋಕ್ತಿ (11:1) ದಾಸ್ತಾನು ಪಟ್ಟಿಗೂ ಸಲ್ಲುತ್ತದೆ.

ಹೊಸ ಸಾಲಕ್ಕೆ ಮನೆಯ ಪತ್ರವನ್ನೋ ಹೆಂಡತಿಯ ಜಾಮೀನನ್ನೋ ಕೇಳಿದರೆ ಅಂದೇ ಸಹಿ ಹಾಕಬೇಡಿ. ವೈಯಕ್ತಿಕ ಜಾಮೀನು ಎಂದರೆ ಕಂಪನಿಯ ಸಾಲಕ್ಕೆ ಸಹಿ ಹಾಕಿದವರ ಸ್ವಂತ ಆಸ್ತಿಯೂ ಹೊಣೆಯಾಗುವುದು. ಜ್ಞಾನೋಕ್ತಿಗಳು ಆರನೆಯ ಅಧ್ಯಾಯದ ಮೊದಲ ಐದು ವಚನಗಳು ಪೂರ್ತಿ ಇದೇ ಎಚ್ಚರಿಕೆಗೆ ಮೀಸಲಾಗಿವೆ.

ಹಂತ 7: ಕಾಣಿಕೆ ಮತ್ತು ಸಭೆಯವರ ಹಣ

ಹೆಚ್ಚು ನೋವಿನ ಪ್ರಶ್ನೆಗಳು ಬರುವುದು ಇದರ ಬಗ್ಗೆಯೇ. ನಷ್ಟದಲ್ಲಿದ್ದರೂ ದೊಡ್ಡ ಮೊತ್ತವನ್ನು ‘ಬೀಜ’ವಾಗಿ ಬಿತ್ತಿದರೆ ದೇವರು ನೂರು ಪಟ್ಟು ಹಿಂದಿರುಗಿಸುತ್ತಾನೆ ಎಂಬ ಬೋಧನೆಯನ್ನು ಕೇಳಿ, ಕಾರ್ಮಿಕರ ಅಥವಾ ಪೂರೈಕೆದಾರರ ಹಣವನ್ನು ಕಾಣಿಕೆಯಾಗಿ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ, ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಖಂಡಿಸುತ್ತಾನೆ. ಇನ್ನೊಬ್ಬರಿಗೆ ಸಲ್ಲಬೇಕಾದ ಹಣ ಕಾಣಿಕೆಯಾಗದು. ಮನೆಗೆಂದು ನೀವು ಎತ್ತಿಕೊಳ್ಳುವ ಹಣ ಇಳಿದಿದ್ದರೆ, ಇಳಿದ ಮೊತ್ತದಿಂದಲೇ ದಶಮಾಂಶವಾಗಲಿ ಬೇರೆ ಕಾಣಿಕೆಯಾಗಲಿ ಕೊಡಿ. ಅದು ಹಿಂದಿಗಿಂತ ಚಿಕ್ಕದಾಯಿತೆಂದು ನಾಚಬೇಕಾಗಿಲ್ಲ.

ಸಭೆಯ ಬಂಧುಗಳಿಂದ, ವಿಶೇಷವಾಗಿ ನಿವೃತ್ತರಿಂದ ಮತ್ತು ವಿಧವೆಯರಿಂದ, ಕೈಸಾಲ ಪಡೆಯುವುದನ್ನು ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ಅವರು ನಿಮ್ಮ ಲೆಕ್ಕವನ್ನು ನೋಡಿ ಕೊಡುವುದಿಲ್ಲ, ಆರಾಧನೆಯಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತ ನಂಬಿಕೆಯಿಂದ ಕೊಡುತ್ತಾರೆ. ನೀವು ಸಭಾಮಂಡಳಿಯ ಖಜಾಂಚಿಯಾಗಿದ್ದರೆ, ಕಷ್ಟ ಆರಂಭವಾದ ಕೂಡಲೇ ಸಭಾಪಾಲಕರಿಗೆ ಅಥವಾ ಧರ್ಮಗುರುಗಳಿಗೆ ತಿಳಿಸಿ ಆ ಹೊಣೆಯನ್ನು ಬೇರೆಯವರಿಗೆ ಒಪ್ಪಿಸಿ. ದೇವರ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲೂ ಸರಿಯಾಗಿರುವಂತೆ ಕಾಣಿಕೆ ಹಣದ ವಿಷಯದಲ್ಲಿ ಪೌಲನು ಎಚ್ಚರವಹಿಸಿದ್ದನು (2 ಕೊರಿಂಥ 8:20, 21).

ಹಂತ 8: ಊಟ, ನಿದ್ರೆ, ಭಾನುವಾರ

ಎಲೀಯನು ಅಡವಿಯಲ್ಲಿ ಸಾವನ್ನು ಬೇಡಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು (1 ಅರಸುಗಳು 19). ಭಾನುವಾರದ ಆರಾಧನೆಯನ್ನೂ ವಿಶ್ರಾಂತಿಯನ್ನೂ ಬಿಡಬೇಡಿ. ಸಾಲ ಕೊಟ್ಟವರು ಎದುರಾಗುತ್ತಾರೆಂದು ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ್ದರೆ, ಒಬ್ಬ ನಂಬಿಗಸ್ತರನ್ನು ಕರೆದುಕೊಂಡು ಹೋಗಿ. ಬದುಕೇ ಬೇಡವೆಂಬ ಯೋಚನೆ ಬರುತ್ತಿದ್ದರೆ ಅದನ್ನು ವಿಶ್ವಾಸದ ಕೊರತೆಯೆಂದು ಮುಚ್ಚಿಡದೆ, ಇಂದೇ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ.

ಹಂತ 9: ಮುಚ್ಚಲೇಬೇಕಾದರೆ

ಹದಿಮೂರು ವಾರಗಳ ಪಟ್ಟಿಯನ್ನು ಪ್ರತಿ ವಾರ ತಿದ್ದುತ್ತ ಬಂದಾಗ ಕೊರತೆ ಹೆಚ್ಚುತ್ತಲೇ ಇದ್ದರೆ, ಕೊನೆಯ ಸಂಬಳಕ್ಕೂ ಪರಿಹಾರಕ್ಕೂ ಹಣವಿರುವಾಗಲೇ ನಿಲ್ಲಿಸುವುದು ನೀತಿ. ಎಲ್ಲವೂ ಬರಿದಾಗುವವರೆಗೆ ‘ನಂಬಿಕೆಯಿಂದ’ ಓಡಿಸಿದರೆ ಕಳೆದುಕೊಳ್ಳುವವರು ಕಾರ್ಮಿಕರು.

ದಿವಾಳಿಯನ್ನು ಪಾಪವೆಂದೇ ನೋಡುವ ಸಭೆಗಳೂ ಇದ್ದವು. ಇಂಗ್ಲೆಂಡಿನಲ್ಲಿ ಸೆರೆಮನೆ ಸುಧಾರಣೆಗೆ ಹೆಸರಾದ ಎಲಿಜಬೆತ್ ಫ್ರೈಯವರ ಪತಿ ಜೋಸೆಫ್ ಫ್ರೈಯವರ ಬ್ಯಾಂಕ್ 1828ರಲ್ಲಿ ಮುಳುಗಿದಾಗ ಕ್ವೇಕರ್ ಸಭೆಯು ಅವರನ್ನು ಸದಸ್ಯತ್ವದಿಂದ ತೆಗೆದುಹಾಕಿತು. ಸಾಲ ಕೊಟ್ಟವರ ನಷ್ಟವನ್ನು ಹಗುರವಾಗಿ ಕಾಣಬಾರದೆಂಬ ಕ್ವೇಕರರ ಕಾಳಜಿ ನನಗೆ ಸರಿಯೆನಿಸುತ್ತದೆ. ಬಿದ್ದವನನ್ನು ಹೊರಗಿಡುವುದು ಸರಿಯೆನಿಸುವುದಿಲ್ಲ. ನಿಮ್ಮ ಸಭೆಯ ಹಿರಿಯರು ಮೌನವಾಗಿದ್ದರೆ ನೀವೇ ಹೋಗಿ ಮಾತಾಡಿ.

ಮುಚ್ಚುವ ಮೊದಲು ಮಾರಾಟವನ್ನು ಯೋಚಿಸಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಕ್ರೈಸ್ತರಾದ ಮೇಲೆ ಜೀವನಾಧಾರ ಕಳೆದುಕೊಂಡವರಿಗೆ ಕೆಲಸ ಕೊಡಲೆಂದು ನೇಯ್ಗೆ ಮತ್ತು ಹೆಂಚಿನ ಉದ್ಯಮಗಳನ್ನು ಕಟ್ಟಿತು. ಜೆಪ್ಪುವಿನ ಹೆಂಚಿನ ಕಾರ್ಖಾನೆ 1865ರದ್ದು. ಒಂದನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ, ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಕಟ್ಟಿದವರ ಕೈತಪ್ಪಿದರೂ ಹೆಂಚಿನ ಕೆಲಸ ನಿಲ್ಲಲಿಲ್ಲ. ನಿಮ್ಮ ಘಟಕವನ್ನು ಕಾರ್ಮಿಕರ ಸಮೇತ ತೆಗೆದುಕೊಳ್ಳುವವರು ಸಿಕ್ಕರೆ, ಬೆಲೆ ತುಸು ಕಡಿಮೆಯಾದರೂ ಒಪ್ಪುವುದು ಮೇಲು.

ಕೊಳ್ಳುವವರಿಲ್ಲವೆಂದಾದರೆ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಮೊದಲೇ ಕಾಣಿ. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ತೆಗೆಯುವಾಗ ಸಾಮಾನ್ಯವಾಗಿ ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಪರಿಹಾರವಾಗಿ ಸಲ್ಲಬೇಕು. ಗ್ರಾಚುಯಿಟಿ, ಅಂದರೆ ದೀರ್ಘ ಸೇವೆಗೆ ಸಲ್ಲುವ ಮೊತ್ತ, ಇದಲ್ಲದೆ ಪ್ರತ್ಯೇಕವಾದದ್ದು. ಅನುಭವಪತ್ರವನ್ನು ಪ್ರತಿಯೊಬ್ಬರಿಗೂ ಹೆಸರು, ಕೆಲಸ, ಅವಧಿ ನಮೂದಿಸಿ ಕೊಡಿ, ಅವರ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ದಾಖಲಿಸಿ. ಆ ದಿನಾಂಕ ದಾಖಲಾಗದಿದ್ದರೆ ಅವರು ತಮ್ಮದೇ ಹಣಕ್ಕಾಗಿ ಅಲೆಯಬೇಕಾಗಬಹುದು. ಜಿಎಸ್‌ಟಿ ನೋಂದಣಿ ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ವಿವರಪಟ್ಟಿ ಸಲ್ಲಿಸುವುದನ್ನು ಮರೆಯಬೇಡಿ. ಬಾಕಿ ಉಳಿದ ಸಣ್ಣ ಪೂರೈಕೆದಾರರಿಗೆ, ಮೊತ್ತವನ್ನೂ ನೀವು ತೀರಿಸಬಲ್ಲ ಕಂತುಗಳನ್ನೂ ಬರೆದ ಪತ್ರವನ್ನು ಅಂಚೆಯಲ್ಲಿ ಕಳುಹಿಸದೆ ನೀವೇ ಅವರ ಮನೆಗೆ ಹೋಗಿ ಕೊಡಿ.